ಹಿರಿಯರು ಊಟ ಬಿಟ್ಟರೆ ಮೊದಲು ಬಾಯಿ ನೋಡಿ

‘ಅಮ್ಮ ಹದಿನೈದು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಡಾಕ್ಟ್ರೇ, ಹಸಿವಾಗೋದಕ್ಕೆ ಒಂದು ಟಾನಿಕ್ ಬರೆದುಕೊಡಿ.’ ಚಿಕಿತ್ಸಾಲಯದಲ್ಲಿ ನಾನು ಪದೇ ಪದೇ ಕೇಳುವ ಮಾತಿದು. ಹೀಗೆ ಬಂದ 72 ವರ್ಷದ ಮಹಿಳೆಯೊಬ್ಬರಿಗೆ ನಾನೂ ಮೊದಲ ಸಲ ಟಾನಿಕ್ಕನ್ನೇ ಬರೆದುಕೊಟ್ಟಿದ್ದೆ. ಎರಡನೇ ಸಲ ಬಂದಾಗ ಇನ್ನೂ ಸೊರಗಿದ್ದರು. ಹಲ್ಲಿನ ಸೆಟ್ಟು ತೆಗೆಯಿರಿ ಎಂದರೆ ನಾಚಿಕೊಂಡರು. ಸೊಸೆ ಹೊರಗೆ ಹೋದ ಮೇಲೆ ತೆಗೆದರು. ಸೆಟ್ಟು ಕೂರುವ ಅಂಗುಳು ಪೂರ್ತಿ ಕೆಂಪಾಗಿತ್ತು, ಅಲ್ಲಲ್ಲಿ ಮೊಸರು ಮೆತ್ತಿದಂತೆ ಬಿಳಿ ಪದರ. ರಾತ್ರಿಯೂ ಅವರು ಸೆಟ್ಟು ತೆಗೆಯುತ್ತಿರಲಿಲ್ಲವಂತೆ. ಶಿಲೀಂಧ್ರದ ಸೋಂಕಿಗೆ ಔಷಧಿ ಕೊಟ್ಟ ಎರಡು ವಾರಕ್ಕೆ ಮೊದಲಿನಂತೆ ಮುದ್ದೆ ಉಣ್ಣತೊಡಗಿದರು. ಅವರಿಗೆ ಹಸಿವು ಇರಲಿಲ್ಲವೆಂದಲ್ಲ, ಬಾಯಿ ಉರಿಯುತ್ತಿತ್ತು.

ವಯಸ್ಸಾದವರು ಬಾಯಿಯ ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ‘ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಿರುತ್ತಾರೆ. ಮರೆವಿನ ಕಾಯಿಲೆ ಇದ್ದವರಿಗಂತೂ ಹೇಳಲು ಬರುವುದೇ ಇಲ್ಲ. ಆದ್ದರಿಂದ ಮನೆಯವರೇ ಗಮನಿಸಬೇಕು. ಒಂದೇ ಪಕ್ಕದಲ್ಲಿ ಅಗಿಯುತ್ತಾರೆಯೇ? ಚಪಾತಿಯನ್ನು ಕಾಫಿಯಲ್ಲಿ ನೆನೆಸಿ ತಿನ್ನಲು ಶುರು ಮಾಡಿದ್ದಾರೆಯೇ? ಖಾರದ ಸಾರು ಕಂಡರೆ ತಟ್ಟೆ ಸರಿಸುತ್ತಾರೆಯೇ? ಸೆಟ್ಟನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆಯೇ? ಬಾಯಿ ವಾಸನೆ ಬರುತ್ತಿದೆಯೇ? ಇವುಗಳಲ್ಲಿ ಯಾವುದು ಕಂಡರೂ ಬಾಯಿ ತೆರೆಸಿ ನೋಡಿ.

ಬಾಯಿ ಒಣಗುವುದು ಮುಪ್ಪಿನ ಲಕ್ಷಣವೆಂದು ಅನೇಕರ ನಂಬಿಕೆ. ನಿಜಕ್ಕೂ ಬಹಳಷ್ಟು ಸಲ ಅದಕ್ಕೆ ಕಾರಣ ನಾವು ವೈದ್ಯರು ಬರೆದುಕೊಡುವ ಮಾತ್ರೆಗಳೇ. ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ, ನೆಗಡಿ-ಅಲರ್ಜಿಯ ಮಾತ್ರೆ, ಖಿನ್ನತೆಯ ಮಾತ್ರೆ, ಮೂತ್ರ ತಡೆಯಲಾಗದವರಿಗೆ ಕೊಡುವ ಮಾತ್ರೆ ಇವೆಲ್ಲ ಜೊಲ್ಲನ್ನು ತಗ್ಗಿಸಬಲ್ಲವು. ಜೊಲ್ಲು ಕಡಿಮೆಯಾದರೆ ವಸಡಿನಂಚಿನಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ, ಸೆಟ್ಟು ನಿಲ್ಲುವುದಿಲ್ಲ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹಾಗೆಂದು ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿ. ಬದಲಿಸಲು, ತಗ್ಗಿಸಲು ಆಗುವಂಥದ್ದು ಇದ್ದೇ ಇರಬಹುದು. ಆಗಾಗ ಗುಟುಕು ನೀರು ಕೊಡಿ. ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೊಳಗೇ ಇರಲಿ. ಬಾಯಿ ಒಣಗುತ್ತದೆಂದು ದಿನವಿಡೀ ಪೆಪ್ಪರ್‌ಮಿಂಟು ಚೀಪುವುದು ಹಲ್ಲಿಗೆ ಕೇಡು.

ಮೇಲೆ ಹೇಳಿದ ಬಿಳಿ ಪದರ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ, ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆದುಕೊಳ್ಳುವವರಲ್ಲಿ, ಹೆಚ್ಚು ದಿನ ಆಂಟಿಬಯೋಟಿಕ್ ತಿಂದವರಲ್ಲಿಯೂ ಬರುತ್ತದೆ. ಇನ್‌ಹೇಲರ್ ಬಳಸಿದ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಸೆಟ್ಟನ್ನು ರಾತ್ರಿ ತೆಗೆದು, ಮೆದು ಬ್ರಷ್ಷು ಮತ್ತು ಸೋಪಿನಿಂದ ತೊಳೆದು, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇಟ್ಟುಕೊಳ್ಳಿ, ಕೈಜಾರಿದರೂ ಒಡೆಯುವುದಿಲ್ಲ. ವರ್ಷಗಳು ಕಳೆದಂತೆ ದವಡೆಯ ಮೂಳೆ ಸವೆಯುವುದರಿಂದ ಹಳೆಯ ಸೆಟ್ಟು ಸಡಿಲವಾಗಿ ಉಜ್ಜಿ ಹುಣ್ಣು ಮಾಡುತ್ತದೆ. ದಂತವೈದ್ಯರಲ್ಲಿ ಸರಿಮಾಡಿಸಿಕೊಳ್ಳಬೇಕೇ ಹೊರತು ಮನೆಯಲ್ಲಿ ಚಾಕುವಿನಿಂದ ಕೆರೆಯಬಾರದು. ಕೆರೆದು ತಂದವರನ್ನೂ ನೋಡಿದ್ದೇನೆ.

ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರ ಕಳೆದರೂ ಮಾಯದ ಹುಣ್ಣು, ಕೆನ್ನೆಯೊಳಗೆ ಕೈಗೆ ಸಿಗುವ ಗಂಟು, ಬಾಯಿ ಅಗಲ ತೆರೆಯಲಾಗದಿರುವುದು, ಕುತ್ತಿಗೆಯಲ್ಲಿ ಗಡ್ಡೆ ಇವನ್ನು ಒಂದು ದಿನವೂ ಕಡೆಗಣಿಸಬೇಡಿ. ಬಾಯಿಯ ಕ್ಯಾನ್ಸರ್ ಮೊದಮೊದಲು ನೋಯುವುದೇ ಇಲ್ಲ. ನೋವಿಲ್ಲವೆಂದೇ ಜನ ತಡಮಾಡುತ್ತಾರೆ. ಎಲೆ-ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರು ಅದನ್ನು ಒತ್ತರಿಸಿಡುವ ಕೆನ್ನೆಯ ಮೂಲೆಯನ್ನು ಮುಖ್ಯವಾಗಿ ನೋಡಬೇಕು. ‘ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಅಡಿಕೆ’ ಎನ್ನುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿದೆ. ಬೇಗ ಪತ್ತೆಯಾದರೆ ಚಿಕ್ಕ ಶಸ್ತ್ರಚಿಕಿತ್ಸೆಯಲ್ಲೇ ಗುಣವಾಗುವ ಸಾಧ್ಯತೆ ಹೆಚ್ಚು.

ಹಲ್ಲು ಕೀಳಿಸುವ ಮುನ್ನ ಎರಡು ಸಂಗತಿಗಳನ್ನು ದಂತವೈದ್ಯರಿಗೆ ತಪ್ಪದೆ ತಿಳಿಸಿ: ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್‌ನಂಥ ಮಾತ್ರೆ ಅಥವಾ ಚುಚ್ಚುಮದ್ದು. ಮೊದಲನೆಯದರಿಂದ ರಕ್ತ ನಿಲ್ಲುವುದು ತಡವಾಗಬಹುದು; ಎರಡನೆಯದರಿಂದ ಅಪರೂಪಕ್ಕೆ ದವಡೆಯ ಗಾಯ ಮಾಯದೇ ಹೋಗಬಹುದು. ಇನ್ನು ಮೆಟ್ಟಿಲು ಹತ್ತುವಾಗ ಕಾಣಿಸಿಕೊಂಡು, ಕುಳಿತರೆ ಕಡಿಮೆಯಾಗುವ ದವಡೆ ನೋವು ಹಲ್ಲಿನದಲ್ಲ, ಹೃದಯದ್ದಿರಬಹುದು. ದಂತವೈದ್ಯರ ಬಳಿಗಲ್ಲ, ಇಸಿಜಿ ಮಾಡಿಸಲು ಹೋಗಿ.

ಹಾಸಿಗೆ ಹಿಡಿದವರ ಬಾಯಿಯನ್ನು ದಿನಕ್ಕೆ ಎರಡು ಸಲ ಶುಚಿ ಮಾಡಲೇಬೇಕು. ಬಾಯಿಯ ಕೊಳೆಯಲ್ಲಿರುವ ರೋಗಾಣುಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತವೆ. ಮಲಗಿದವರ ಬಾಯಿಗೆ ನೀರು ಹೊಯ್ಯಬೇಡಿ. ತಲೆಯ ಭಾಗ ಎತ್ತರಿಸಿ ಅಥವಾ ಒಂದು ಮಗ್ಗುಲಿಗೆ ತಿರುಗಿಸಿ, ಮಕ್ಕಳ ಮೆದು ಬ್ರಷ್ಷನ್ನು ನೀರಲ್ಲಿ ಅದ್ದಿ ಚೆನ್ನಾಗಿ ಕೊಡವಿ ಉಜ್ಜಿ. ಹಲ್ಲಿಲ್ಲದಿದ್ದರೆ ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ, ಕೆನ್ನೆಯ ಒಳಗೆ ಒರೆಸಿ, ತುಟಿಗೆ ಒಂದಿಷ್ಟು ವ್ಯಾಸಲೀನ್ ಸವರಿ. ಹಾಗೆ ಒರೆಸುವಾಗಲೇ ಮೊಬೈಲಿನ ಬೆಳಕು ಬಿಟ್ಟು ನಾಲಿಗೆಯ ಅಡಿಯನ್ನೂ ಒಮ್ಮೆ ನೋಡಿಬಿಡಿ.