ದೈತ್ಯರ ಕಾಳಗದಲ್ಲಿ ಹೊಸದೇನಿದೆ?

ಸಮುದ್ರದಿಂದ ಒಂದು ದೈತ್ಯ ಪ್ರಾಣಿ ಎದ್ದು ಬರುತ್ತದೆ. ಸೈನ್ಯ ಗುಂಡು ಹಾರಿಸುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಸೇತುವೆ ಮುರಿಯುತ್ತದೆ, ಕಟ್ಟಡಗಳು ಉರುಳುತ್ತವೆ, ಜನ ದಿಕ್ಕಾಪಾಲಾಗಿ ಓಡುತ್ತಾರೆ. ಕೊನೆಗೆ ಇನ್ನೊಂದು ದೈತ್ಯವೋ, ಬೆಟ್ಟದೆತ್ತರದ ರೋಬೋಟೋ ಬಂದು ಅದನ್ನು ಬಡಿದು ಹಾಕುತ್ತದೆ. ರಜೆ ಬಂತೆಂದರೆ ಇಂಥ ಚಿತ್ರಕ್ಕೆ ಹೋಗೋಣವೆಂದು ಮಕ್ಕಳ ಹಟ. ‘ಎಲ್ಲ ಒಂದೇ ಕಥೆ, ಎಷ್ಟು ಸಲ ನೋಡ್ತೀರೋ’ ಎಂದು ಅಪ್ಪನ ಗೊಣಗಾಟ. ಮಕ್ಕಳ ಖುಷಿ ನಿಜ, ಅಪ್ಪನ ಮಾತೂ ಸುಳ್ಳಲ್ಲ. ಕಥೆ ಹಳೆಯದೇ. ಆದರೆ ಯಾರಿಂದ ಯಾರು ಎರವಲು ತಂದರು ಎಂದು ಹುಡುಕುತ್ತ ಹಿಂದಕ್ಕೆ ಹೋದರೆ ಒಂದು ಸೋಜಿಗ ಕಾಣುತ್ತದೆ. ಎಲ್ಲರೂ ‘ಮೂಲ’ ಎಂದು ಗೌರವಿಸುವ ಚಿತ್ರವೂ ಎರವಲಿನದೇ!

‘ಗಾಡ್ಜಿಲ್ಲಾ’ ಹೆಸರು ಕೇಳದ ಮಕ್ಕಳು ಈಗ ಕಡಿಮೆ. ಜಪಾನಿನಲ್ಲಿ ಅದು ‘ಗೊಜಿರಾ’. ಗೊರಿಲ್ಲಾ ಎಂಬ ಪದವನ್ನೂ ತಿಮಿಂಗಿಲಕ್ಕೆ ಜಪಾನೀಯರು ಹೇಳುವ ‘ಕುಜಿರಾ’ ಎಂಬ ಪದವನ್ನೂ ಬೆಸೆದು ಮಾಡಿದ ಹೆಸರು. ಹೆಸರಿನಂತೆ ಹುಟ್ಟೂ ಬೆರಕೆಯದೇ.

1933ರಲ್ಲಿ ಅಮೆರಿಕದಲ್ಲಿ ‘ಕಿಂಗ್ ಕಾಂಗ್’ ಬಂದಿತ್ತು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ಹತ್ತಿದ ಆ ಮಹಾವಾನರ ಬಹುತೇಕ ದೃಶ್ಯಗಳಲ್ಲಿ ಸುಮಾರು ಒಂದೂವರೆ ಅಡಿಯ ಗೊಂಬೆ. ಒಳಗೆ ಲೋಹದ ಎಲುಬು, ಹೊರಗೆ ಮೊಲದ ತುಪ್ಪಳ. ವಿಲಿಸ್ ಓಬ್ರಿಯನ್ ಮತ್ತು ಸಂಗಡಿಗರು ಅದರ ಕೈಕಾಲನ್ನು ಒಂದಿಷ್ಟೇ ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ, ಹೀಗೆ ಒಂದು ಸೆಕೆಂಡಿನ ಓಟಕ್ಕೆ 24 ಚಿತ್ರಗಳನ್ನು ತೆಗೆದರು. ಬೆರಳು ತಾಗಿದಾಗಲೆಲ್ಲ ತುಪ್ಪಳ ಅಲುಗುತ್ತಿತ್ತು. ತೆರೆಯ ಮೇಲೆ ಅದು ಸಿಟ್ಟಿಗೆ ರೋಮ ನಿಮಿರಿದಂತೆ ಕಂಡಿತು!

ಈ ಚಿತ್ರ ನೋಡಿ ಮರುಳಾದ 13 ವರ್ಷದ ಹುಡುಗನೊಬ್ಬ ಗೊಂಬೆಗಳನ್ನು ಕುಣಿಸುವ ವಿದ್ಯೆಯ ಬೆನ್ನು ಹತ್ತಿದ. ಅವನೇ ಮುಂದೆ ಹೆಸರಾಂತ ತಂತ್ರಜ್ಞರಾದ ರೇ ಹ್ಯಾರಿಹೌಸೆನ್. 1953ರಲ್ಲಿ ಅವರ ಕೈಚಳಕದ ‘ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್’ ಬಂತು. ಅಣುಬಾಂಬಿನ ಪರೀಕ್ಷೆಯಿಂದ ಎಚ್ಚೆತ್ತ ಡೈನೊಸಾರ್ ನಗರಕ್ಕೆ ನುಗ್ಗುವ ಕಥೆ ಅದು. ಅತ್ತ ಜಪಾನಿನ ತೋಹೊ ಕಂಪನಿಯ ನಿರ್ಮಾಪಕ ತೊಮೊಯುಕಿ ತನಾಕಾ ಇಂಡೊನೇಷ್ಯಾದಲ್ಲಿ ತೆಗೆಯಬೇಕಿದ್ದ ಚಿತ್ರ ರದ್ದಾಗಿ ಕೈಬರಿದು ಮಾಡಿಕೊಂಡಿದ್ದರು. ತುರ್ತಾಗಿ ಒಂದು ಕಥೆ ಬೇಕಿತ್ತು. ಅವರು ಯೋಚಿಸಿದ ಮೊದಲ ಶೀರ್ಷಿಕೆಯಲ್ಲೇ ಆ ಅಮೆರಿಕನ್ ಚಿತ್ರದ ನೆರಳಿತ್ತು.

ಹಾಗಾದರೆ ‘ಗೊಜಿರಾ’ ಬರೀ ನಕಲೇ? ಉತ್ತರ ಅದೇ ವರ್ಷದ ದಿನಪತ್ರಿಕೆಗಳಲ್ಲಿದೆ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷಿಸಿತು. ಅದು ವಿಜ್ಞಾನಿಗಳ ಅಂದಾಜಿನ ಎರಡು ಪಟ್ಟಿಗೂ ಮೀರಿ ಸಿಡಿಯಿತು. ಹಿರೊಶಿಮಾದ ಮೇಲೆ ಬಿದ್ದ ಬಾಂಬಿನ ಸುಮಾರು ಸಾವಿರ ಪಟ್ಟು ಶಕ್ತಿ. ದೂರದಲ್ಲಿ ಟ್ಯೂನಾ ಮೀನು ಹಿಡಿಯುತ್ತಿದ್ದ ಜಪಾನಿ ದೋಣಿಯೊಂದರ ಮೇಲೆ ಬಿಳಿ ಬೂದಿ ಹಿಮದಂತೆ ಉದುರಿತು. ದೋಣಿಯ ಹೆಸರು ‘ದೈಗೊ ಫುಕುರ್ಯು ಮಾರು’. ‘ಫುಕುರ್ಯು’ ಎಂದರೆ ಅದೃಷ್ಟದ ಡ್ರ್ಯಾಗನ್. ಅದರಲ್ಲಿದ್ದ 23 ಮಂದಿಯೂ ವಿಕಿರಣಕ್ಕೆ ಸಿಕ್ಕಿ ಕಾಯಿಲೆ ಬಿದ್ದರು. ರೇಡಿಯೊ ಆಪರೇಟರ್ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ‘ಗೊಜಿರಾ’ ತೆರೆ ಕಂಡದ್ದು ನವೆಂಬರ್ 3ರಂದು. ಚಿತ್ರದ ಮೊದಲ ದೃಶ್ಯವೇ ಒಂದು ದೋಣಿ. ಕಡಲಿನಲ್ಲಿ ಕಣ್ಣು ಕುಕ್ಕುವ ಬೆಳಕು, ಬೆಂಕಿ, ಸಂದೇಶ ಕಳಿಸಲು ಒದ್ದಾಡುವ ರೇಡಿಯೊ ಆಪರೇಟರ್. ಚಿತ್ರಮಂದಿರದಲ್ಲಿ ಕುಳಿತಿದ್ದವರಿಗೆ ಅದು ಯಾವ ದೋಣಿ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ನಿರ್ದೇಶಕ ಇಶಿರೊ ಹೊಂಡಾ ಸೈನಿಕರಾಗಿದ್ದವರು. ಯುದ್ಧ ಮುಗಿದು ಊರಿಗೆ ಮರಳುವಾಗ ಸುಟ್ಟು ಬೂದಿಯಾದ ಹಿರೊಶಿಮಾವನ್ನು ಕಂಡಿದ್ದರು. ಅವರ ಚಿತ್ರದಲ್ಲಿ ಕಟ್ಟಡ ಉರುಳಿದರೆ ಕೆಳಗೆ ಮನುಷ್ಯರಿರುತ್ತಾರೆ. ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅವುಚಿಕೊಂಡು, ಇನ್ನೇನು ಅಪ್ಪನ ಬಳಿಗೆ ಹೋಗಿಬಿಡುತ್ತೇವೆ ಎಂದು ಸಮಾಧಾನ ಹೇಳುತ್ತಾಳೆ. ಆಸ್ಪತ್ರೆಯಲ್ಲಿ ಪುಟ್ಟ ಮಗುವಿನ ಹತ್ತಿರ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದಾಗ ಅದು ಸದ್ದು ಮಾಡುತ್ತದೆ. ಡೈನೊಸಾರ್ ಎರವಲಿನದು, ಬಾಂಬಿನ ನೆಪವೂ ಎರವಲಿನದು. ಆ ತಾಯಿ, ಆ ಮಗು ಮಾತ್ರ ಜಪಾನಿನವರೇ.

ಮನರಂಜನೆಯ ಮಾತಿಗೆ ಬರೋಣ. ಗೊಂಬೆಯನ್ನು ಇಂಚಿಂಚು ಸರಿಸಲು ಪುರುಸೊತ್ತಿಲ್ಲದೆ ವಿಶೇಷ ದೃಶ್ಯಗಳ ಹೊಣೆ ಹೊತ್ತ ಎಜಿ ತ್ಸುಬುರಾಯಾ ಒಂದು ರಬ್ಬರ್ ಉಡುಪು ಮಾಡಿಸಿದರು. ತೂಕ ಸುಮಾರು 100 ಕಿಲೊ. ಅದರೊಳಗೆ ಬೆವರು ಸುರಿಸಿದವರು ಹರುವೊ ನಕಾಜಿಮಾ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ‘ಡಬಲ್ ಬಾಸ್’ ಎಂಬ ಆಳೆತ್ತರದ ಪಿಟೀಲಿನ ತಂತಿ ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿ ಆ ಭಯಂಕರ ಗರ್ಜನೆ ಹುಟ್ಟಿಸಿದರು. ಇಷ್ಟೆಲ್ಲ ಮಾಡಿಯೂ ದೈತ್ಯನನ್ನು ಒಮ್ಮೆಲೇ ತೋರಿಸಲಿಲ್ಲ. ಮೊದಲು ಹೆಜ್ಜೆಯ ಸದ್ದು, ಆಮೇಲೆ ಗುಡ್ಡದ ಹಿಂದಿನಿಂದ ಇಣುಕುವ ತಲೆ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುತ್ತ, ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುವುದನ್ನು ನೋಡಿದ ಮಕ್ಕಳಿಗೆ ಈ ಉಪಾಯ ಚೆನ್ನಾಗಿ ಗೊತ್ತು.

ಇನ್ನೊಂದು ಗುಟ್ಟು ಭೌತವಿಜ್ಞಾನದ್ದು. ಕಥೆಯ ದೈತ್ಯನ ಎತ್ತರ 50 ಮೀಟರ್, ಉಡುಪು ತೊಟ್ಟ ಮನುಷ್ಯನದ್ದು ಸುಮಾರು 2 ಮೀಟರ್. ಎರಡು ಮೀಟರ್ ಎತ್ತರದಿಂದ ಕಲ್ಲು ಬಿಟ್ಟರೆ ನೆಲ ಮುಟ್ಟಲು ಸುಮಾರು 0.64 ಸೆಕೆಂಡ್ ಬೇಕು. 50 ಮೀಟರ್‌ನಿಂದ ಬಿಟ್ಟರೆ ಸುಮಾರು 3.2 ಸೆಕೆಂಡ್. ಎತ್ತರ 25 ಪಟ್ಟಾದರೆ ಬೀಳುವ ಸಮಯ ಐದು ಪಟ್ಟು. ಆಟಿಕೆಯಂಥ ಕಟ್ಟಡ ಪಟಕ್ಕನೆ ಬಿದ್ದರೆ ಅದು ಆಟಿಕೆ ಎಂದು ನಮ್ಮ ಕಣ್ಣು ಕೂಡಲೇ ಹಿಡಿದುಬಿಡುತ್ತದೆ. ಅದಕ್ಕೇ ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿ, ಚಿತ್ರವನ್ನು ಮಾಮೂಲಿ ವೇಗದಲ್ಲಿ ತೋರಿಸುತ್ತಾರೆ. ಆಗ ಎಲ್ಲವೂ ನಿಧಾನ. ಆ ನಿಧಾನದಲ್ಲೇ ಭಾರ ಕಾಣುತ್ತದೆ.

ಈಗ ರೋಬೋಟುಗಳ ಸರದಿ. 1956ರಲ್ಲಿ ಮಿತ್ಸುತೆರು ಯೊಕೊಯಾಮಾ ‘ತೆತ್ಸುಜಿನ್ 28’ ಎಂಬ ಚಿತ್ರಕಥೆ ಆರಂಭಿಸಿದರು. ಯುದ್ಧಕ್ಕೆಂದು ಮಾಡಿದ ದೈತ್ಯ ರೋಬೋಟ್ ಒಬ್ಬ ಹುಡುಗನ ಪಾಲಿಗೆ ಬರುತ್ತದೆ. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ರಿಮೋಟ್ ಯಾರ ಕೈಯಲ್ಲಿದೆಯೋ ಅವರು ಹೇಳಿದ್ದನ್ನು ಮಾಡುತ್ತದೆ. ಕಳ್ಳರ ಕೈಗೆ ಸಿಕ್ಕರೆ ಊರನ್ನೇ ಕೆಡವುತ್ತದೆ. ಎಂಥ ಸರಳ, ಎಂಥ ಗಟ್ಟಿ ಕಲ್ಪನೆ! 1972ರಲ್ಲಿ ಗೊ ನಗಾಯ್ ತಮ್ಮ ‘ಮಾಜಿಂಗರ್ ಜಡ್’ನಲ್ಲಿ ಹುಡುಗನನ್ನು ರೋಬೋಟಿನ ತಲೆಯೊಳಗೇ ಕೂರಿಸಿದರು.

‘ಟ್ರಾನ್ಸ್‌ಫಾರ್ಮರ್ಸ್’ನ ದಾರಿ ಬೇರೆ. ಅಲ್ಲಿ ಆಟಿಕೆ ಮೊದಲು, ಕಥೆ ಆಮೇಲೆ. ಜಪಾನಿನ ತಕಾರಾ ಕಂಪನಿಯ ಗೊಂಬೆಗಳನ್ನು 1984ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಮಾರಾಟಕ್ಕೆ ತಂದಿತು. ಅವುಗಳಿಗೆ ಹೆಸರು, ಜಗಳ, ಪೂರ್ವಕಥೆಗಳನ್ನು ಕಟ್ಟಿಸಿತು. 2007ರಲ್ಲಿ ಮೈಕೆಲ್ ಬೇ ನಿರ್ದೇಶನದ ಚಿತ್ರದಲ್ಲಿ ನಾಯಕ ಆಪ್ಟಿಮಸ್ ಪ್ರೈಮ್‌ನನ್ನು ಕಂಪ್ಯೂಟರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳಿಂದ ಜೋಡಿಸಿದ್ದರು. ಲಾರಿ ಮಡಚಿಕೊಂಡು ರೋಬೋಟ್ ಆಗುವ ಆ ಮೊದಲ ಕ್ಷಣ ಬೆರಗೇ ಸರಿ. ಆದರೆ ಅದೇ ಬೆರಗನ್ನು ಮುಂದಿನ ಚಿತ್ರಗಳಲ್ಲಿ ಹತ್ತಾರು ಸಲ ಬಡಿಸಿದರೆ? ಕಬ್ಬಿಣದ ತುಂಡುಗಳು ಗಿರಗಿರನೆ ಸುತ್ತುತ್ತವೆ, ಯಾರು ಯಾರನ್ನು ಹೊಡೆದರೆಂದೇ ತಿಳಿಯುವುದಿಲ್ಲ. ನಗರ ನೆಲಸಮವಾದರೂ ನಮ್ಮ ಮನಸ್ಸು ಮಿಸುಕುವುದಿಲ್ಲ. ಹೊಸತನವಿಲ್ಲ ಎಂಬ ದೂರಿಗಿಂತ, ಅಷ್ಟೊಂದು ಹಣ ಸುರಿದೂ ಬೇಸರ ಹುಟ್ಟಿಸುತ್ತವಲ್ಲ ಎಂಬ ದೂರು ನನ್ನದು.

ಗಿಯೆರ್ಮೊ ಡೆಲ್ ಟೊರೊ ಅವರ ‘ಪೆಸಿಫಿಕ್ ರಿಮ್’ (2013) ಎರವಲನ್ನು ಮುಚ್ಚಿಡುವುದೇ ಇಲ್ಲ. ದೈತ್ಯಪ್ರಾಣಿಗಳನ್ನು ಜಪಾನಿ ಪದದಲ್ಲಿ ‘ಕೈಜು’ ಎಂದೇ ಕರೆಯುತ್ತದೆ, ಕೊನೆಯಲ್ಲಿ ಹ್ಯಾರಿಹೌಸೆನ್ ಮತ್ತು ಹೊಂಡಾ ಅವರ ನೆನಪಿಗೆ ಚಿತ್ರವನ್ನು ಅರ್ಪಿಸುತ್ತದೆ. ಅದರ ರೋಬೋಟನ್ನು ಒಬ್ಬರೇ ನಡೆಸಲಾಗದು. ಇಬ್ಬರ ಮನಸ್ಸುಗಳು, ನೋವಿನ ನೆನಪುಗಳ ಸಮೇತ, ಒಂದಾಗಬೇಕು. ಹೊಡೆದಾಟಗಳು ಮರೆತುಹೋದರೂ ಪಾಳುಬಿದ್ದ ಬೀದಿಯಲ್ಲಿ ಒಂಟಿ ಕೆಂಪು ಬೂಟನ್ನು ಎದೆಗವಚಿಕೊಂಡು ಅಳುವ ಪುಟ್ಟ ಹುಡುಗಿ ಮರೆಯುವುದಿಲ್ಲ.

ನಮ್ಮ ದೇಶದಲ್ಲೂ ಇಂಥ ಪ್ರಯತ್ನ ನಡೆದಿದೆ. ಶಂಕರ್ ನಿರ್ದೇಶನದ, ರಜನಿಕಾಂತ್ ನಟಿಸಿದ ‘2.0’ (2018) ಚಿತ್ರದಲ್ಲಿ ಜನರ ಕೈಯಿಂದ ಮೊಬೈಲುಗಳು ಕಿತ್ತುಕೊಂಡು ಹಾರುತ್ತವೆ, ಲಕ್ಷಗಟ್ಟಲೆ ಸೇರಿ ದೈತ್ಯ ಹಕ್ಕಿಯಾಗುತ್ತವೆ. ಕೊನೆಯ ಕ್ರೀಡಾಂಗಣದ ಕಾಳಗ ಎಲ್ಲೋ ನೋಡಿದಂತಿದೆ. ಟವರುಗಳಿಂದಲೇ ಹಕ್ಕಿಗಳು ಸಾಯುತ್ತವೆ ಎಂಬ ವಾದಕ್ಕೆ ಗಟ್ಟಿ ವೈಜ್ಞಾನಿಕ ಪುರಾವೆಯೂ ಇಲ್ಲ. ಆದರೆ ಸದಾ ಕೈಯಲ್ಲಿರುವ ವಸ್ತುವೇ ರಾಕ್ಷಸನಾಗುವ ಆ ಕಲ್ಪನೆಯನ್ನು ಹಾಲಿವುಡ್‌ನಿಂದ ತಂದದ್ದು ಎನ್ನಲಾರೆ.

ಮತ್ತೆ ಗಾಡ್ಜಿಲ್ಲಾ. ಕಾಲ ಕಳೆದಂತೆ ಅದು ಭೂಮಿಯನ್ನು ಕಾಯುವ ಗೆಳೆಯನಾಯಿತು, ಆಟಿಕೆಯೂ ಆಯಿತು. 1956ರ ಅಮೆರಿಕನ್ ಆವೃತ್ತಿಯಲ್ಲಂತೂ ಅಣುಬಾಂಬಿನ ಕುರಿತ ಮಾತುಗಳಿಗೆ ಸಾಕಷ್ಟು ಕತ್ತರಿ ಬಿದ್ದಿತ್ತು. ಆದರೆ 2023ರಲ್ಲಿ ತಕಾಶಿ ಯಮಾಝಾಕಿ ‘ಗಾಡ್ಜಿಲ್ಲಾ ಮೈನಸ್ ಒನ್’ ಚಿತ್ರದಲ್ಲಿ ಅದನ್ನು ಯುದ್ಧದಲ್ಲಿ ಸೋತ, ಉಣ್ಣಲು ಅನ್ನವಿಲ್ಲದ ಜಪಾನಿಗೆ ವಾಪಸು ಕರೆತಂದರು. ಕಥಾನಾಯಕ ಸಾಯಲು ಹೆದರಿ ಮರಳಿದ ವಿಮಾನ ಚಾಲಕ. ಪಕ್ಕದ ಮನೆಯವಳೇ ಅವನನ್ನು ಹೇಡಿ ಎನ್ನುತ್ತಾಳೆ. ಖರ್ಚಾದದ್ದು ಒಂದೂವರೆ ಕೋಟಿ ಡಾಲರ್‌ಗಿಂತ ಕಡಿಮೆ ಎಂದು ನಿರ್ದೇಶಕರೇ ಹೇಳಿದ್ದಾರೆ. 2007ರ ‘ಟ್ರಾನ್ಸ್‌ಫಾರ್ಮರ್ಸ್’ಗೆ ಅದರ ಹತ್ತುಪಟ್ಟು ತಗುಲಿತ್ತು. ಕೇವಲ 35 ಜನರ ತಂಡ 610 ವಿಶೇಷ ದೃಶ್ಯಗಳನ್ನು ಮಾಡಿತು, ಹಾಲಿವುಡ್ಡಿನ ಘಟಾನುಘಟಿ ಚಿತ್ರಗಳನ್ನು ಹಿಂದಿಕ್ಕಿ 2024ರಲ್ಲಿ ಆಸ್ಕರ್ ಗೆದ್ದಿತು. ಅದೇ ಹಳೆಯ ಕಥೆ, ಅದೇ ಹಳೆಯ ಗರ್ಜನೆ. ಆದರೂ ಅವನು ಬದುಕಿ ಉಳಿಯಲಿ ಎಂದು ನಾವು ಕುರ್ಚಿಯ ತುದಿಗೆ ಬಂದು ಕುಳಿತಿರುತ್ತೇವೆ.

ಮನೆಯಲ್ಲಿ ನೋಡುವುದಾದರೆ, ಎಂಟು–ಹತ್ತು ವರ್ಷದವರಿಗೆ ಬ್ರ್ಯಾಡ್ ಬರ್ಡ್ ನಿರ್ದೇಶನದ ‘ದಿ ಐರನ್ ಜೈಂಟ್’ (1999) ಒಳ್ಳೆಯ ಆರಂಭ. ಟೆಡ್ ಹ್ಯೂಸ್ ಅವರ 1968ರ ಮಕ್ಕಳ ಪುಸ್ತಕದಿಂದ ಹುಟ್ಟಿದ ಚಿತ್ರ. ಆಕಾಶದಿಂದ ಬಿದ್ದ, ಕಬ್ಬಿಣ ತಿನ್ನುವ ರೋಬೋಟ್ ಒಂದು ತಾನು ಬಂದೂಕು ಆಗಲಾರೆ ಎನ್ನುವ ಕಥೆ. ಬಿಡುಗಡೆಯಾದಾಗ ಹಣ ಗಳಿಸದೆ ಸೋತಿತ್ತು. 1954ರ ಕಪ್ಪು ಬಿಳುಪಿನ ‘ಗೊಜಿರಾ’ ಸ್ವಲ್ಪ ದೊಡ್ಡ ಮಕ್ಕಳಿಗಿರಲಿ, ಅದೂ ಅಮ್ಮನೋ ಅಪ್ಪನೋ ಪಕ್ಕದಲ್ಲಿ ಕುಳಿತಿರುವಾಗ. ಆಸ್ಪತ್ರೆಯ ದೃಶ್ಯ ಬಂದಾಗ, ಆ ಪೆಟ್ಟಿಗೆ ಯಾಕೆ ಹಾಗೆ ಸದ್ದು ಮಾಡುತ್ತಿದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ.