ಸಂವಿಧಾನ ಸಭೆಯ ಕ್ರೈಸ್ತ ಉಪಾಧ್ಯಕ್ಷರು

೧೯೪೮ರ ಡಿಸೆಂಬರ್ ೬ರಂದು ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ ಒಂದೇ ಒಂದು ಪದದ ಮೇಲೆ ಬಿರುಸಾದ ಚರ್ಚೆ ನಡೆಯಿತು. ಧರ್ಮವನ್ನು ನಂಬಿ ಆಚರಿಸುವ ಹಕ್ಕಿನೊಡನೆ ಅದನ್ನು ‘ಪ್ರಚಾರ’ ಮಾಡುವ ಹಕ್ಕೂ ಪ್ರಜೆಗಿರಬೇಕೆ? ಕೂಡದೆಂದರು ಲೋಕನಾಥ ಮಿಶ್ರರು. ಹದಿನಾಲ್ಕು ವರ್ಷ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಓದಿದ ತಮ್ಮನ್ನು ಯಾರೂ ಮತಾಂತರಿಸಲೆತ್ನಿಸಲಿಲ್ಲವೆಂದು ಹೇಳಿ ಟಿ. ಟಿ. ಕೃಷ್ಣಮಾಚಾರಿಯವರು ಆ ಪದದ ಪರವಾಗಿ ನಿಂತರು. ಅಂದು ಅಧ್ಯಕ್ಷಪೀಠದಲ್ಲಿದ್ದವರು ಉಪಾಧ್ಯಕ್ಷ ಹರೇಂದ್ರಕುಮಾರ ಮುಖರ್ಜಿ. ಬಂಗಾಳದ ಕ್ರೈಸ್ತರು, ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ತಮ್ಮ ನಂಬಿಕೆಯ ಹಕ್ಕೇ ತಕ್ಕಡಿಯಲ್ಲಿ ತೂಗುತ್ತಿರುವಾಗ, ಪಕ್ಷ ವಹಿಸದೆ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಮಾತಿಗೆ ಕರೆಯುತ್ತ ಕುಳಿತಿರುವುದು ಸುಲಭದ ಕೆಲಸವೇ? ಆ ಪದ ಉಳಿಯಿತು. ಇಂದಿಗೂ ೨೫ನೆಯ ವಿಧಿಯಲ್ಲಿದೆ. ಮುಖರ್ಜಿಯವರಾದರೋ ೧೯೫೧ರಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರಾದ ಮೇಲೂ ಸರಳವಾಗಿಯೇ ಬಾಳಿದರು. ಗಳಿಕೆಯ ದೊಡ್ಡ ಪಾಲು ಕಲ್ಕತ್ತ ವಿಶ್ವವಿದ್ಯಾನಿಲಯಕ್ಕೆ ಸಂದಿತು.