ಗರ್ಭಿಣಿ ಕುಡಿದ ಬ್ರಾಂದಿ ಮಗುವಿಗೆ ಏನು ಮಾಡುತ್ತದೆ?

ಸಂಘದ ಪತ್ರಿಕೆಯಲ್ಲಿ ಕೊಳೆರೋಗ, ಕಾಯಿಕೊರಕ, ಧಾರಣೆಗಳ ವಿಷಯ ಬಿಟ್ಟು ಕಾರ್ಯದರ್ಶಿ ಇದೇನು ಬರೆಯುತ್ತಾನೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣವಿದೆ.

ನಮ್ಮ ತೋಟದ ಕೆಲಸಕ್ಕೆ ಮುಂಡಗೋಡ ಕಡೆಯಿಂದ ಬಂದ ದಂಪತಿಗಳ ಮಗನಿಗೆ ಒಂಬತ್ತು ವರ್ಷ. ನಿನ್ನೆ ಕಲಿತ ಮಗ್ಗಿ ಇವತ್ತಿಗೆ ಮರೆತಿರುತ್ತದೆ. ಒಂದು ಕಡೆ ಕೂರುವುದಿಲ್ಲ. ಮೂರು ಕೆಲಸ ಹೇಳಿದರೆ ಒಂದನ್ನು ಮಾಡಿ ಸುಮ್ಮನೆ ನಿಲ್ಲುತ್ತಾನೆ. ಶಾಲೆಯಲ್ಲಿ ಸೋಮಾರಿ ಎಂಬ ಹೆಸರು, ಮನೆಯಲ್ಲಿ ಪೆಟ್ಟು. ನವನಗರದಲ್ಲಿರುವ ತಂಗಿಯ ಮನೆಗೆ ಹೋಗುವಾಗ ತಾಯಿ ಮಗ ಇಬ್ಬರನ್ನೂ ಕರೆದೊಯ್ದು ಅಲ್ಲಿಯ ಮಕ್ಕಳ ವೈದ್ಯರೊಬ್ಬರಿಗೆ ತೋರಿಸಿದೆ. (ನಮ್ಮ ಕಡೆಯವರಿಗೆ ನವನಗರವೆಂದರೆ ಕ್ಯಾನ್ಸರ್ ಆಸ್ಪತ್ರೆ. ಆಕೆಯೂ ಹಾಗೆಂದೇ ತಿಳಿದು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.) ವೈದ್ಯರು ಹೆರಿಗೆ, ಜ್ವರ, ಫಿಟ್ಸ್ ಎಲ್ಲವನ್ನೂ ವಿಚಾರಿಸಿ ಕೊನೆಗೆ, "ಬಸುರಿದ್ದಾಗ ಕುಡಿಯೋ ಅಭ್ಯಾಸ ಇತ್ತೇನವಾ?" ಎಂದರು. ಆಕೆ ನನ್ನ ಮುಖ ನೋಡಿದಳು. "ಅಭ್ಯಾಸ ಅಂತ ಇಲ್ರೀ. ಮಳಿಗಾಲದಾಗ ಔಷಧ ಹೊಡಿಯೋ ದಿನ ಸಾವ್ಕಾರ್ರು ಕೊಡ್ತಿದ್ರು."

ಕೊಡುತ್ತಿದ್ದುದು ನಿಜ. ಬೋರ್ಡೋ ದ್ರಾವಣಕ್ಕೆ ನೀರು ಹೊತ್ತು ನಡುಗುತ್ತ ನಿಂತವರಿಗೆ ಸಂಜೆ ಲೋಟದ ತಳದಷ್ಟು ಬ್ರಾಂದಿ ಕೊಡುವುದು ತಂದೆಯವರ ಕಾಲದಿಂದ ಬಂದ ಪದ್ಧತಿ. ಗಂಡಸು ಹೆಂಗಸು ಎಂದು ನೋಡಿದ್ದಿಲ್ಲ. ಯಾರು ಬಸುರಿ ಎಂದು ಕೇಳಿದ್ದಂತೂ ಇಲ್ಲವೇ ಇಲ್ಲ. "ಇದರಿಂದಲೇ ಹೀಗಾಯಿತು ಎಂದು ಹೇಳಲಾಗದು, ಬೇರೆ ಕಾರಣಗಳೂ ಇರುತ್ತವೆ" ಎಂದು ವೈದ್ಯರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಅವರನ್ನೇ ಕೇಳಿ, ಕೆಲವು ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ತಾಯಿ ಕುಡಿದ ಮದ್ಯ ಅವಳ ರಕ್ತಕ್ಕೆ ಸೇರಿ, ಮಾಸನ್ನು ದಾಟಿ, ಹೊಕ್ಕುಳ ಬಳ್ಳಿಯ ಮೂಲಕ ಮಗುವಿಗೆ ಹೋಗುತ್ತದೆ. ಮಾಸು ಅದನ್ನು ಸೋಸುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ತಾಯಿಯ ರಕ್ತದಲ್ಲಿ ಎಷ್ಟಿದೆಯೋ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತಾಯಿಯ ಪಿತ್ತಜನಕಾಂಗ ಅದನ್ನು ಕರಗಿಸುತ್ತದೆ. ಮಗುವಿನದು ಇನ್ನೂ ಬಲಿತಿರುವುದಿಲ್ಲ. ಮಗು ತೇಲುವ ಗರ್ಭದ ನೀರಿನಲ್ಲೂ ಮದ್ಯ ಉಳಿದುಕೊಳ್ಳುತ್ತದೆ. ಮುಖದ ರೂಪ ಮೊದಲ ಎರಡು ಮೂರು ತಿಂಗಳಲ್ಲಿ ಮೂಡಿದರೆ ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ. ಆದ್ದರಿಂದ ಇಂಥ ತಿಂಗಳು ಕುಡಿದರೆ ತೊಂದರೆಯಿಲ್ಲ ಎಂಬ ತಿಂಗಳಿಲ್ಲ. ಇಷ್ಟು ಕುಡಿದರೆ ತೊಂದರೆಯಿಲ್ಲ ಎಂಬ ಅಳತೆಯನ್ನೂ ಯಾರೂ ಕಂಡುಹಿಡಿದಿಲ್ಲ.

1968ರಲ್ಲಿ ಫ್ರಾನ್ಸಿನ ನಾಂತ್ ಊರಿನ ವೈದ್ಯ ಪಾಲ್ ಲೆಮ್ವಾನ್ ಎಂಬವರು ಕುಡಿಯುವ ತಂದೆತಾಯಿಗಳ 127 ಮಕ್ಕಳ ಬಗ್ಗೆ ಬರೆದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1973ರಲ್ಲಿ ಅಮೆರಿಕದ ಜೋನ್ಸ್ ಮತ್ತು ಸ್ಮಿತ್ ಇದಕ್ಕೆ ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎಂಬ ಹೆಸರು ಕೊಟ್ಟರು. ಮಗು ಗಿಡ್ಡ, ತಲೆ ಸಣ್ಣದು, ಕಣ್ಣಿನ ಸೀಳು ಕಿರಿದು, ಮೇಲ್ತುಟಿ ತೆಳು, ಮೂಗು ತುಟಿಗಳ ನಡುವಿನ ಗೀರು ಮಾಸಿದಂತೆ ಇರುವುದು ಇದರ ಲಕ್ಷಣ. ಆದರೆ ತೊಂದರೆಗೊಳಗಾದ ಹೆಚ್ಚಿನ ಮಕ್ಕಳಲ್ಲಿ ಮುಖ ಎಲ್ಲರಂತೆಯೇ ಇರುತ್ತದೆ. ಸಸಿಮಡಿಯಲ್ಲಿ ಸುಳಿಗೆ ಪೆಟ್ಟಾದ ಅಡಿಕೆ ಸಸಿ ಹಸಿರಾಗಿಯೇ ಕಂಡು, ನೆಟ್ಟ ಎಷ್ಟೋ ವರ್ಷದ ಮೇಲೆ ಗುಟ್ಟು ಬಿಟ್ಟುಕೊಡುವುದಿಲ್ಲವೇ? ಇದೂ ಹಾಗೆಯೇ. ಲೆಕ್ಕ, ನೆನಪು, ಗಮನ, ಸಿಟ್ಟಿನ ಹತೋಟಿ ಇವುಗಳ ಕೊರತೆ ಶಾಲೆಗೆ ಹೋದ ಮೇಲೆ ಗೊತ್ತಾಗುತ್ತದೆ. ಆಗ ಬಸುರಿನ ದಿನಗಳ ಲೋಟ ಯಾರಿಗೆ ನೆನಪಿರುತ್ತದೆ?

"ನಮ್ಮ ಮನೆಯ ಹೆಂಗಸರು ಕುಡಿಯುವುದಿಲ್ಲ" ಎನ್ನುವ ಸದಸ್ಯರೇ ಹೆಚ್ಚು. ದೇಶದ ಕುಟುಂಬ ಆರೋಗ್ಯ ಸಮೀಕ್ಷೆಯೂ (2019–21) ಕುಡಿಯುವ ಹೆಂಗಸರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ ಎನ್ನುತ್ತದೆ. ಆದರೆ ಮನೆಯ ಕಪಾಟು ನೋಡಿ. ಅರಿಷ್ಟ, ಆಸವಗಳು ಹುದುಗು ಬರಿಸಿ ಮಾಡುವ ಔಷಧಗಳು. ತಾನಾಗಿ ಹುಟ್ಟಿದ ಮದ್ಯ ನೂರಕ್ಕೆ 5ರಿಂದ 10ರಷ್ಟು ಎಂದು ಬಾಟಲಿಯ ಚೀಟಿಯಲ್ಲೇ ಬರೆದಿರುತ್ತಾರೆ. 30 ಮಿ.ಲೀ. ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯವಿದ್ದರೆ ನೂರಕ್ಕೆ 10ರ ಅರಿಷ್ಟ ಅಷ್ಟೇ ಕುಡಿದರೆ ಅದರ ಕಾಲುಭಾಗ ಒಳಗೆ ಹೋಗುತ್ತದೆ. ಗರ್ಭಿಣಿಗೆ ವೈದ್ಯರನ್ನು ಕೇಳದೆ ಇದನ್ನು ಕೊಡಬಾರದು. ಬಾಣಂತಿಗೆ ಉಷ್ಣವೆಂದು ಬ್ರಾಂದಿ ಕುಡಿಸುವ ಮನೆಗಳೂ ಉಂಟು. ಅದು ಮೊಲೆಹಾಲಿಗೆ ಬರುತ್ತದೆ. ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರನ್ನು "ಅದೇನು ಮದ್ಯವೇ?" ಎನ್ನುವವರಿಗೆ ಒಂದು ಮಾತು: ಅದರಲ್ಲಿ ನಾಲ್ಕು ಪೆಗ್‌ನಷ್ಟು ಮದ್ಯವಿರುತ್ತದೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣ ಬಂತು. ಗಂಡ ತಂದರೆ ಹೆಂಡತಿಗೂ ಒಂದು ಗುಟುಕು. ಇನ್ನು ಬ್ರಾಂದಿ ಮೈ ಬೆಚ್ಚಗೆ ಮಾಡುತ್ತದೆ ಎಂಬುದೇ ಸುಳ್ಳು. ಚರ್ಮಕ್ಕೆ ರಕ್ತ ಹೆಚ್ಚಾಗಿ ಬಂದು ಬಿಸಿ ಎನಿಸುತ್ತದೆ, ಒಳಗಿನ ಕಾವು ಮಾತ್ರ ಹೊರಗೆ ಹೋಗುತ್ತದೆ.

ಗೊತ್ತಿಲ್ಲದೆ ಕುಡಿದವಳು ಹೆದರಿ ಬಸುರು ತೆಗೆಸಲು ಓಡಬೇಕಿಲ್ಲ. ನಿಲ್ಲಿಸಿದ ದಿನದಿಂದಲೇ ಮಗುವಿಗೆ ಲಾಭ. ಆದರೆ ದಿನವೂ ಹೆಚ್ಚು ಕುಡಿಯುವವಳು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಅಂಥವರನ್ನು ವೈದ್ಯರ ಕೈಗೇ ಒಪ್ಪಿಸಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮಗುವಿನಲ್ಲಿ ಸಂಶಯ ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರಕಾರಿ ಶಾಲೆಗಳ ಮಕ್ಕಳ ತಪಾಸಣೆಯಿದೆ. ಆದ ಹಾನಿಯನ್ನು ಅಳಿಸುವ ಔಷಧವಿಲ್ಲ. ಆದರೆ ಬೇಗ ಗುರುತಿಸಿ ಕಲಿಸಿದರೆ ಮಗು ಬಹಳ ಸುಧಾರಿಸುತ್ತದೆ.

ಈ ಮಳೆಗಾಲ ನಮ್ಮಲ್ಲಿ ಬ್ರಾಂದಿ ನಿಲ್ಲಿಸಿ ಎಲ್ಲರಿಗೂ ರೇನ್‌ಕೋಟು ಕೊಟ್ಟೆ. ಬಚ್ಚಲೊಲೆಯ ಪಕ್ಕ ಬಟ್ಟೆ ಒಣಗಿಸಲು ಜಾಗ ಮಾಡಿದೆ, ಸಂಜೆ ಬೆಲ್ಲದ ಕಾಫಿ. ಒಂದಿಬ್ಬರು ಗೊಣಗಿದರು. (ಬಸುರಿಗೆ ಕಾಫಿಯೂ ದಿನಕ್ಕೆ ಎರಡು ಲೋಟ ಸಾಕು, ಕವಳ ಬಿಟ್ಟರೆ ಒಳ್ಳೆಯದು. ಬೆಳೆಗಾರನಾಗಿ ಬರೆಯಲು ಕೈ ತಡೆಯುತ್ತದೆ, ಆದರೂ ಬರೆದಿದ್ದೇನೆ.) ಹುಡುಗನಿಗೆ ವೈದ್ಯರು ಹೇಳಿದಂತೆ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತೇವೆ, ಅದೇ ಹೊತ್ತಿಗೆ, ಅದೇ ಮಾತಿನಲ್ಲಿ. ಮೇಷ್ಟರಿಗೂ ಹೋಗಿ ತಿಳಿಸಿ ಬಂದೆ. ಸಂಜೆ ಕೊಟ್ಟಿಗೆಯ ಬಾಗಿಲು ಹಾಕುವುದು ಈಗ ಅವನ ಕೆಲಸ.